ರೆಸಿನ್ ಸ್ಕ್ರೀಡ್ ನೆಲ: ಐದು ವರ್ಷ ಚಕ್ರ ಉರುಳಿದ ಮೇಲಿನ ಲೆಕ್ಕ

ರೆಸಿನ್ ಸ್ಕ್ರೀಡ್ ಎಂದರೆ ಎಪಾಕ್ಸಿಯಂಥ ಅಂಟುರಾಳಕ್ಕೆ ಮರಳು ಕಲಸಿ ಕಾಂಕ್ರೀಟಿನ ಮೇಲೆ ದಪ್ಪಗೆ ಎಳೆಯುವ ನೆಲ. ಮೊದಲು ಅಂಕ. ಪ್ಯಾಲೆಟ್ ಟ್ರಕ್ಕು ಓಡಾಡುವ, ಕಬ್ಬಿಣದ ಸಾಮಾನು ಕೈಜಾರಿ ಬೀಳುವ ಗೋದಾಮು, ವರ್ಕ್‌ಶಾಪುಗಳಲ್ಲಿ ಕರಣೆಯಿಂದ ಎಳೆದು ಹಾಕಿದ 5 ಮಿ.ಮೀ. ಎಪಾಕ್ಸಿ ಸ್ಕ್ರೀಡಿಗೆ ಐದರಲ್ಲಿ ನಾಲ್ಕೂವರೆ. ಕುದಿನೀರು ಚೆಲ್ಲುವ ದೊಡ್ಡ ಅಡುಗೆಮನೆಯಲ್ಲಿ ಅದೇ ನೆಲಕ್ಕೆ ಎರಡು, ಅದೂ ದಾಕ್ಷಿಣ್ಯಕ್ಕೆ. ಕೆಳಗಿನ ಸ್ಲ್ಯಾಬ್ ಹಸಿಯಾಗಿದ್ದರೆ ಎಲ್ಲಿ ಹಾಕಿದರೂ ಸೊನ್ನೆ.

ಕೊಟೇಷನ್ ಓದುವಾಗಲೇ ಅರ್ಧ ಜನ ಎಡವುತ್ತಾರೆ. ‘ಎಪಾಕ್ಸಿ ಫ್ಲೋರಿಂಗ್’ ಎಂದು ಬರೆದ ಕಾಗದ ಏನನ್ನೂ ಹೇಳುವುದಿಲ್ಲ. ಬ್ರಿಟನ್ನಿನ ವರ್ಗೀಕರಣದಲ್ಲಿ ರೆಸಿನ್ ನೆಲಗಳು ಎಂಟು ಬಗೆ: 150 ಮೈಕ್ರಾನ್ ಒಳಗಿನ ಬರೀ ಸೀಲರಿನಿಂದ ಹಿಡಿದು 6 ಮಿ.ಮೀ. ದಾಟಿದ ಭಾರಿ ನೆಲದವರೆಗೆ. 2–3 ಮಿ.ಮೀ. ದಪ್ಪಕ್ಕೆ ತಾನಾಗಿಯೇ ಹರಡಿಕೊಳ್ಳುವುದು ಸೆಲ್ಫ್ ಲೆವೆಲಿಂಗ್. ಅದು ಕನ್ನಡಿಯಂತೆ ಹೊಳೆಯುತ್ತದೆ, ಅಷ್ಟೇ ಬೇಗ ಗೀರು ತೋರಿಸುತ್ತದೆ. ಸ್ಕ್ರೀಡ್ ಅನ್ನಿಸಿಕೊಳ್ಳಬೇಕಾದರೆ 4 ಮಿ.ಮೀ. ಮೀರಬೇಕು. ಪರೀಕ್ಷಿಸುವ ದಾರಿ ಸುಲಭ: ಸ್ಕ್ರೀಡ್ ಮಾಲು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ, ಸುಮಾರು 2 ಕೆ.ಜಿ. ಹಿಡಿಯುತ್ತದೆ. 100 ಚದರ ಮೀಟರಿಗೆ 5 ಮಿ.ಮೀ. ಎಂದರೆ ಮರಳೂ ಸೇರಿ ಹೆಚ್ಚುಕಡಿಮೆ ಒಂದು ಟನ್. ಕೆಲಸದ ಜಾಗಕ್ಕೆ 400 ಕೆ.ಜಿ. ಮಾತ್ರ ಇಳಿದಿದ್ದರೆ ನಿಮಗೆ ಸಿಗಲಿರುವುದು 2 ಮಿ.ಮೀ. ನೆಲ, ಕಾಗದದಲ್ಲಿ ಏನೇ ಇರಲಿ.

ಇನ್ನು ಸ್ಲ್ಯಾಬ್. ಐದು ವರ್ಷದಲ್ಲಿ ಕೆಟ್ಟ ನೆಲಗಳನ್ನು ಕಿತ್ತು ನೋಡಿದರೆ ರೆಸಿನ್ ತಪ್ಪಿತಸ್ಥ ಆಗಿರುವುದು ಅಪರೂಪ. ಕಿತ್ತ ಚಕ್ಕೆಯ ಬೆನ್ನಿಗೆ ತೆಳ್ಳಗೆ ಬೂದು ಪುಡಿ ಅಂಟಿದ್ದರೆ ಅದು ಸಿಮೆಂಟಿನ ಹಾಲು, ಅಂದರೆ ಕಾಂಕ್ರೀಟಿನ ಮೇಲೆ ತೇಲಿ ಒಣಗಿದ ದುರ್ಬಲ ಪದರ. ರೆಸಿನ್ ಅದನ್ನು ಗಟ್ಟಿಯಾಗಿಯೇ ಹಿಡಿದಿರುತ್ತದೆ. ಆ ಪದರ ಮಾತ್ರ ಕಾಂಕ್ರೀಟನ್ನು ಹಿಡಿದಿರುವುದಿಲ್ಲ. ಇದಕ್ಕೆ ಉಕ್ಕಿನ ಗುಂಡುಗಳನ್ನು ರಭಸದಿಂದ ಹೊಡೆದು ಮೇಲ್ಮೈ ಕೆರೆಯುವ ಶಾಟ್ ಬ್ಲಾಸ್ಟಿಂಗೇ ಮದ್ದು, ಗೋಡೆಯಂಚಿಗೆ ಡೈಮಂಡ್ ಗ್ರೈಂಡರು. ಆಸಿಡ್ ಸುರಿದು ತೊಳೆಯುತ್ತೇವೆ ಅನ್ನುವವರನ್ನು ಬಾಗಿಲಲ್ಲೇ ನಿಲ್ಲಿಸಿ: ಸ್ಲ್ಯಾಬಿಗೆ ನೀರೂ ಉಪ್ಪೂ ಕುಡಿಸಿ ಹೋಗುತ್ತಾರೆ. ಉಜ್ಜಿದ ಮೇಲೆ ಹನಿ ನೀರು ಹಾಕಿ ನೋಡಿ. ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಎಣ್ಣೆಯೋ ಹಳೆಯ ಕ್ಯೂರಿಂಗ್ ರಾಸಾಯನಿಕವೋ ಇನ್ನೂ ಕೂತಿದೆ. ಎಳೆದು ನೋಡುವ ಪರೀಕ್ಷೆಯಲ್ಲಿ ಮೇಲ್ಮೈ ಚದರ ಮಿ.ಮೀ.ಗೆ 1.5 ನ್ಯೂಟನ್ ಆದರೂ ತಡೆಯಬೇಕು.

ತೇವದ ವಿಷಯದಲ್ಲಿ ‘28 ದಿನ ಆಯಿತಲ್ಲ’ ಎಂಬ ಮಾತೇ ಮೋಸ. 28 ದಿನ ಕಾಂಕ್ರೀಟಿನ ಬಲಕ್ಕೆ ಸಂಬಂಧಿಸಿದ ಲೆಕ್ಕ, ಒಣಗುವುದಕ್ಕಲ್ಲ. 150 ಮಿ.ಮೀ. ಸ್ಲ್ಯಾಬ್ ಒಣಗಲು ಹಲವು ತಿಂಗಳು ಬೇಕು. 45 ಸೆಂ.ಮೀ. ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಅಂಟಿಸಿ 16 ತಾಸು ಬಿಟ್ಟು ನೋಡುವ ಪದ್ಧತಿ ಇದೆ. ಕೆಳಗೆ ಬೆವರಿದ್ದರೆ ಕೆಲಸ ನಿಲ್ಲಿಸಿ, ಬೆವರಿಲ್ಲ ಎಂದ ಮಾತ್ರಕ್ಕೆ ಒಣಗಿದೆ ಎಂದು ತಿಳಿಯಬೇಡಿ. ಹೈಗ್ರೋಮೀಟರಿನಲ್ಲಿ ಸಾಪೇಕ್ಷ ಆರ್ದ್ರತೆ ಶೇ. 75ಕ್ಕೆ ಇಳಿಯುವವರೆಗೆ ಕಾಯಬೇಕು, ಇಲ್ಲವೇ ತೇವ ತಡೆಯುವ ವಿಶೇಷ ಪ್ರೈಮರ್ ಬಳಸಬೇಕು. ನೆಲಮಹಡಿಯ ಸ್ಲ್ಯಾಬಿನ ಕೆಳಗೆ ತೇವತಡೆ ಹಾಳೆಯೇ ಇಲ್ಲದಿದ್ದರೆ ಎಷ್ಟು ಕಾದರೂ ಅಷ್ಟೇ. ಇದನ್ನು ಕಡೆಗಣಿಸಿದ ನೆಲದಲ್ಲಿ ತಿಂಗಳುಗಳ ನಂತರ ನಾಣ್ಯದಷ್ಟು ಗುಳ್ಳೆಗಳು ಏಳುತ್ತವೆ. ಒಳಗಿನ ದ್ರವ ಒತ್ತಡದಲ್ಲಿರುತ್ತದೆ, ಚುಚ್ಚಿದರೆ ಚಿಮ್ಮುತ್ತದೆ. ಕನ್ನಡಕ ಹಾಕದೆ ಮುಟ್ಟಬೇಡಿ. ಗುಳ್ಳೆ ಒಡೆದು ತೇಪೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಏಳುತ್ತದೆ.

ಹಾಕುವ ದಿನ ಸ್ಲ್ಯಾಬಿನ ಉಷ್ಣಾಂಶ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ಹನಿಗಟ್ಟುವ ಉಷ್ಣಾಂಶಕ್ಕಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಪ್ರೈಮರ್ ಚದರ ಮೀಟರಿಗೆ 250ರಿಂದ 350 ಗ್ರಾಂ. ಅಲ್ಲಲ್ಲಿ ಮಂಕಾಗಿ ಹೀರಿಕೊಂಡ ಕಡೆ ಎರಡನೇ ಕೈ. ಸಾಮಾನ್ಯವಾಗಿ ಇದು ಅಂಟಂಟಾಗಿರುವಾಗಲೇ ಸ್ಕ್ರೀಡ್ ಬೀಳಬೇಕು. ಒಣಗಿಹೋದ ಪ್ರೈಮರಿನ ಮೇಲೆ ಎಳೆದದ್ದು ಆಮೇಲೆ ಟೊಳ್ಳು ಸದ್ದು ಕೊಡುತ್ತದೆ.

ಕಲಸುವಾಗ ಪ್ಯಾಕ್ ಒಡೆದು ಅಂದಾಜಿನ ಮೇಲೆ ಅರ್ಧ ಹಾಕುವುದು ದೊಡ್ಡ ಅಪರಾಧ. ರೆಸಿನ್ ಮತ್ತು ಹಾರ್ಡ್ನರನ್ನು ಎರಡು ಮೂರು ನಿಮಿಷ ನಿಧಾನ ವೇಗದಲ್ಲಿ ಕಲಸಿ, ಬಕೆಟ್ಟಿನ ಗೋಡೆ ಕೆರೆದು, ಬೇರೆ ಪಾತ್ರೆಗೆ ಸುರಿದು, ಆಮೇಲೆ ಮರಳು. ಹಳೆಯ ಬಕೆಟ್ಟನ್ನು ನೆಲದ ಮೇಲೆ ಬೋರಲು ಹಾಕಿದರೆ ಅಂಚಿನಲ್ಲಿ ಕಲಸದೆ ಉಳಿದ ರೆಸಿನ್ ಅಲ್ಲಿ ಇಳಿದು, ವರ್ಷವಾದರೂ ಅಂಟುವ ಒಂದು ಉಂಗುರ ಉಳಿಯುತ್ತದೆ. ಕಲಸಿದ್ದನ್ನು ತಡಮಾಡದೆ ಹರಡಬೇಕು. ರಾಶಿಯಲ್ಲೇ ಬಿಟ್ಟರೆ ತನ್ನದೇ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡು ಕಳ್ಳ ಕೈಚಳಕಗಳ ಮೇಲೆ ಕಣ್ಣಿಡಿ. ಮಾಲು ಹೆಚ್ಚು ದೂರ ಬರಲಿ ಎಂದು ಮರಳು ಜಾಸ್ತಿ ಸುರಿಯುವುದು ಒಂದು. ನೆಲ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಕರಣೆ ಸರಾಗವಾಗಿ ಜಾರಲಿ ಎಂದು ಅದನ್ನು ಪದೇಪದೇ ಥಿನ್ನರಿನಲ್ಲಿ ಅದ್ದುವುದು ಇನ್ನೊಂದು. ಮೇಲ್ಪದರ ಸಡಿಲಾಗಿ ಮೊದಲ ವರ್ಷವೇ ಸವೆಯುತ್ತದೆ.

ಕರಣೆ ಎಳೆದ ಸ್ಕ್ರೀಡ್ ಕಣ್ಣಿಗೆ ಗಟ್ಟಿ ಕಂಡರೂ ಒಳಗೆ ಸೂಕ್ಷ್ಮ ರಂಧ್ರಗಳಿವೆ. ಖರ್ಚು ಉಳಿಸಲು ಆ ರಂಧ್ರ ಮುಚ್ಚುವ ಸೀಲ್ ಕೋಟನ್ನೇ ಬಿಟ್ಟವರ ನೆಲದಲ್ಲಿ ಎಣ್ಣೆ ಕಪ್ಪು ಮಚ್ಚೆಯಾಗಿ ಇಳಿದು ಕೂತಿದೆ, ಯಾವ ಸೋಪಿಗೂ ಬಗ್ಗದು. ಎರಡು ಕೈ ಸೀಲರ್ ಬೇಕೇಬೇಕು. ತಂಪಿನಲ್ಲಿ, ಗಾಳಿಯಲ್ಲಿ ತೇವ ಹೆಚ್ಚಿರುವಾಗ ಬಳಿದರೆ ಮೇಲೆ ಬಿಳಿಯ ಜಿಡ್ಡು ಏಳುತ್ತದೆ. ಅದನ್ನು ತೊಳೆದು, ಉಜ್ಜಿ, ಆಮೇಲೆಯೇ ಮುಂದಿನ ಕೈ.

ಸ್ಲ್ಯಾಬಿನಲ್ಲಿರುವ ಚಲನೆಯ ಜಾಯಿಂಟನ್ನು (ಹಿಗ್ಗಿ ಕುಗ್ಗಲು ಬಿಟ್ಟ ಸಂದನ್ನು) ಮುಚ್ಚಿ ಮೇಲೆ ಎಳೆದರೆ ಚೆಂದ ಕಾಣುವುದು ಸ್ವಲ್ಪ ದಿನ ಮಾತ್ರ, ಆಮೇಲೆ ಅದೇ ಗೆರೆಯಲ್ಲಿ ವಕ್ರ ಬಿರುಕು. ಅದೇ ಜಾಗದಲ್ಲಿ ಸ್ಕ್ರೀಡನ್ನೂ ಗರಗಸದಿಂದ ಕೊಯ್ದು, ಹಿಗ್ಗುವ ಪಾಲಿಯುರೆಥೇನ್ ಸೀಲಂಟ್ ತುಂಬಬೇಕು. ಬಾಗಿಲು, ಚರಂಡಿ ಜಾಲರಿಯ ಅಂಚಿನಲ್ಲಿ ನೆಲ ಶೂನ್ಯಕ್ಕೆ ತೆಳುವಾಗಲು ಬಿಡದೆ, ಕಾಂಕ್ರೀಟಿನಲ್ಲಿ ಉದ್ದಕ್ಕೆ ತೋಡು ಕೊಯ್ದು ಅದರೊಳಗೆ ಕಚ್ಚಿಸಬೇಕು. ಪಿಯು ಕಾಂಕ್ರೀಟಾದರೆ (ಪಾಲಿಯುರೆಥೇನ್ ರೆಸಿನ್ನಿಗೆ ಸಿಮೆಂಟ್ ಬೆರೆಸಿದ ನೆಲ) ತೋಡಿನ ಆಳ, ಅಗಲ ಎರಡೂ ನೆಲದ ದಪ್ಪದ ಇಮ್ಮಡಿ.

20 ಡಿಗ್ರಿ ಆಸುಪಾಸಿನಲ್ಲಿ ಒಂದು ದಿನಕ್ಕೆ ನಡೆಯಬಹುದು, ಮೂರು ದಿನಕ್ಕೆ ಟ್ರಾಲಿ, ನೀರು ಸುರಿದು ತೊಳೆಯಲು, ರಾಸಾಯನಿಕ ತಗುಲಲು ಏಳು ದಿನ. ಮೂರನೇ ದಿನವೇ ಯಂತ್ರ ಎಳೆದು ತಂದವರಿಗೆ ಅದರ ಕಾಲಿನ ಗುರುತು ಶಾಶ್ವತ.

ಬಳಕೆಯಲ್ಲಿ ಮೊದಲು ಸವೆಯುವುದು ಹಾದಿಯ ಉದ್ದವಲ್ಲ, ತಿರುವುಗಳು. ನೈಲಾನ್ ಚಕ್ರ ಒಂದೇ ಕಡೆ ತಿರುಗಿ ಸೀಲರನ್ನು ಅರೆಯುತ್ತದೆ. ಪಾಲಿಯುರೆಥೇನ್ ಚಕ್ರಕ್ಕೆ ಬದಲಿಸಿದರೆ ನೆಲದ ಆಯುಸ್ಸೇ ಬೇರೆ. ಕಿಟಕಿ ಪಕ್ಕದ ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟುತ್ತದೆ. ಬಲಕ್ಕೆ ತೊಂದರೆ ಇಲ್ಲ, ತಿಳಿಬೂದು ಬಣ್ಣ ಆರಿಸಿದವರಿಗೆ ಮಾತ್ರ ಬೇಸರ. ಅದು ಬೇಡವೆಂದರೆ ಅಲಿಫ್ಯಾಟಿಕ್ ಪಾಲಿಯುರೆಥೇನ್ ಮೇಲ್ಪದರ ಕೇಳಿ. ರಬ್ಬರ್ ಮ್ಯಾಟಿನ ಕೆಳಗೆ ಕಂದು ಕಲೆ ಉಳಿಯುತ್ತದೆ, ಹೋಗುವುದಿಲ್ಲ. ಜಾರದಿರಲಿ ಎಂದು ಮರಳು ಉದುರಿಸಿದ ಕಡೆ ಜಿಡ್ಡು ಕೂರುತ್ತದೆ, ಮಾಪ್ ಹರಿಯುತ್ತದೆ. ಅಲ್ಲಿ ಬ್ರಶ್ ಇರುವ ಸ್ಕ್ರಬ್ಬರೇ ಬೇಕು. ಒರಟುತನವನ್ನು ಕ್ಯಾಟಲಾಗ್ ನೋಡಿ ಆರಿಸಬೇಡಿ. ಹಲಗೆಯ ಮೇಲೆ ಮಾದರಿ ಮಾಡಿಸಿ, ಒದ್ದೆ ಮಾಡಿ, ಜಾರುವಿಕೆ ಅಳೆಯುವ ಪೆಂಡುಲಮ್ ಪರೀಕ್ಷೆಯಲ್ಲಿ 36 ಅಥವಾ ಮೇಲೆ ಬಂದದ್ದನ್ನು ಒಪ್ಪಿಕೊಳ್ಳಿ.

ಅಡುಗೆಮನೆಗೆ ಎರಡೇ ಅಂಕ ಏಕೆಂದರೆ ಸಾಮಾನ್ಯ ಎಪಾಕ್ಸಿ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಮೇಲೆ ಬಿಸಿನೀರು, ಕೆಳಗೆ ತಣ್ಣನೆಯ ಕಾಂಕ್ರೀಟು. ಹಿಗ್ಗುವ ಪ್ರಮಾಣ ಬೇರೆಬೇರೆ, ಅಂಟು ಬಿಡುತ್ತದೆ. ಡೇರಿಯಲ್ಲಾದರೆ ಜೊತೆಗೆ ಲ್ಯಾಕ್ಟಿಕ್ ಆಮ್ಲ ಕೊರೆಯುತ್ತದೆ. ಅಂಥಲ್ಲಿ ಪಿಯು ಕಾಂಕ್ರೀಟನ್ನೇ ಹಾಕಿ: ಬಿಸಿನೀರು ಚೆಲ್ಲುವ ಕಡೆ 6 ಮಿ.ಮೀ., ಉಗಿಯಿಂದ ತೊಳೆಯುವ ಕಡೆ 9. ಒಂದೇ ರಾತ್ರಿಯಲ್ಲಿ ಮುಗಿಯಬೇಕೆಂದರೆ ಎಂಎಂಎ (ಮೀಥೈಲ್ ಮೆಥಾಕ್ರಿಲೇಟ್ ಎಂಬ ಇನ್ನೊಂದು ಬಗೆಯ ರೆಸಿನ್) ಇದೆ, ಒಂದೆರಡು ತಾಸಿಗೆ ಗಟ್ಟಿ. ಆದರೆ ಅದರ ವಾಸನೆ ಆಹಾರಕ್ಕೆ ಹತ್ತುತ್ತದೆ, ದಾಸ್ತಾನು ಹೊರಗೆ ಸಾಗಿಸಿಯೇ ಶುರುಮಾಡಬೇಕು.

ತೇಪೆಯ ಬಣ್ಣ ಹಳೆಯದಕ್ಕೆ ಎಂದೂ ಕೂಡುವುದಿಲ್ಲ. ಪೆಟ್ಟು ಬಿದ್ದ ಜಾಗವನ್ನು ಗುಂಡಗೆ ಕೆತ್ತದೆ, ಜಾಯಿಂಟಿನಿಂದ ಜಾಯಿಂಟಿಗೆ ಚೌಕವಾಗಿ ಕೊಯ್ದು ತುಂಬಿಸಿದರೆ ಕಣ್ಣಿಗೆ ಚುಚ್ಚುವುದಿಲ್ಲ. ಕೆಲಸ ಒಪ್ಪಿಸಿಕೊಳ್ಳುವ ದಿನ ಸುತ್ತಿಗೆಯ ಹಿಡಿಯಿಂದ ಮೀಟರಿಗೊಂದು ಕಡೆ ತಟ್ಟುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಕೊನೆಯ ಕಂತು ಪಾವತಿಸುವ ಮುಂಚೆಯೇ ಕೀಳಿಸಿ ಹಾಕಿಸಿ.