ಕಣದಲ್ಲಿ ರೆಕ್ಕೆ, ಕಡಲಲ್ಲಿ ಫಾಯಿಲ್: ವಿಂಗ್‌ಫಾಯಿಲ್ ಕಲಿಯೋಕೆ ನಾನು ಹಿಡಿದ ದಾರಿಗಳು

ನಮ್ಮದು ಗಂಗಾವತಿ. ಅಕ್ಕಿ ಗಿರಣಿ ಇದೆ. ಕಡಲು ನೋಡಬೇಕು ಅಂದರೆ ಒಂದು ರಾತ್ರಿ ಪ್ರಯಾಣ. ಇಂಥ ಊರಿನವನು ವಿಂಗ್‌ಫಾಯಿಲ್ ಕಲಿಯೋಕೆ ಹೊರಟರೆ ಮನೆಯಲ್ಲಿ ಏನೇನು ಅಂದಿರಬಹುದು ಅಂತ ನೀವೇ ಊಹಿಸಿ. ಆದರೆ ಹೋದೆ, ಒಂದಲ್ಲ ಎರಡು ಸಲ. ನಡುವೆ ಎರಡು ತಿಂಗಳು ಗಿರಣಿ ಕಣದಲ್ಲೂ ಕಲಿತೆ. ಯಾವುದಕ್ಕೆ ಹಾಕಿದ ದುಡ್ಡು ಬಂತು, ಯಾವುದು ದಂಡ ಆಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕಾಲ ಕೆಳಗೆ ಒಂದು ಹಲಗೆ, ಅಂದರೆ ಬೋರ್ಡ್. ಅದರ ತಳಕ್ಕೆ ಮುಕ್ಕಾಲು ಮೀಟರ್ ಕಂಬ, ಕಂಬದ ತುದಿಗೆ ಸಣ್ಣ ವಿಮಾನದಂಥ ಫಾಯಿಲ್. ಕೈಯಲ್ಲಿ ಪಂಪ್‌ನಿಂದ ಗಾಳಿ ತುಂಬಿದ ರೆಕ್ಕೆ, ಅದೇ ವಿಂಗ್. ವಿಂಗ್ ನಿಮ್ಮನ್ನು ಎಳೆಯುತ್ತದೆ. ವೇಗ ಬಂದ ಮೇಲೆ ಫಾಯಿಲ್ ನಿಮ್ಮನ್ನು ಬೋರ್ಡ್ ಸಮೇತ ನೀರಿನಿಂದ ಮೇಲಕ್ಕೆ ಎತ್ತುತ್ತದೆ. ಈ ಆಟ ಹೊಸದು, ಅಂಗಡಿಯಲ್ಲಿ ಸಿಗುವ ವಿಂಗ್‌ಗಳು ಬಂದದ್ದೇ 2019ರ ಸುಮಾರಿಗೆ. ಹಾಗಾಗಿ ಹೀಗೇ ಕಲಿಯಬೇಕು ಅಂತ ಎಲ್ಲರೂ ಒಪ್ಪಿದ ಒಂದು ದಾರಿ ಇನ್ನೂ ಇಲ್ಲ. ಒಬ್ಬೊಬ್ಬ ಮಾಸ್ತರ್ ಒಂದೊಂದು ಹೇಳುತ್ತಾನೆ.

ಮೊದಲ ದಾರಿ: ನೇರ ನೀರಿಗೆ

2025ರ ಜನವರಿ, ರಾಮೇಶ್ವರದ ಕಡೆ. ನಾಲ್ಕು ದಿನ. ಆ ತಿಂಗಳು ಅಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ, ಒಂದೇ ಸಮ. ಗಾಳಿಯ ಬಗ್ಗೆ ನನಗೆ ದೂರಿಲ್ಲ. ನಾನು ಹೋದ ಜಾಗದ ಬಗ್ಗೆ ಇದೆ, ಹೆಸರು ಬೇಡ. ನನ್ನ ತೂಕ 78 ಕಿಲೋ. ಅವರು ಕೊಟ್ಟ ಬೋರ್ಡಿನ ಗಾತ್ರ 95 ಲೀಟರ್; ಒಂದು ಲೀಟರ್ ಅಂದರೆ ಸುಮಾರು ಒಂದು ಕಿಲೋ ತೇಲಿಸುವಷ್ಟು. ಅದು ಕಡಿಮೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಹೊಸಬನಿಗೆ ತನ್ನ ತೂಕದ ಮೇಲೆ ಇನ್ನೂ 30-40 ಲೀಟರ್ ಬೇಕು, ಅಂದರೆ ನನಗೆ 110ರಿಂದ 120. ಮೊಣಕಾಲೂರಿ ಕೂತರೆ ಬೋರ್ಡ್ ಅರ್ಧ ಮುಳುಗಿ ಎಮ್ಮೆ ಥರ ಹೊರಳುತ್ತಿತ್ತು. ಅದರ ಮೇಲೆ ಎದ್ದು ನಿಲ್ಲುವುದು, ಕೈಯಲ್ಲಿ 5 ಚದರ ಮೀಟರ್ ವಿಂಗ್ ಹಿಡಿಯುವುದು, ಗಾಳಿ ಎಲ್ಲಿಂದ ಅಂತ ನೋಡುವುದು, ಕೆಳಗೆ ಫಾಯಿಲ್ ಎತ್ತಿದರೆ ತೂಕ ಮುಂದಕ್ಕೆ ಹಾಕುವುದು, ಇದೆಲ್ಲಾ ಒಟ್ಟಿಗೆ ಮಾಡು ಅಂದರೆ ಯಾರಿಗೆ ಆಗುತ್ತದೆ? ನಾಲ್ಕನೇ ದಿನ ಸಂಜೆ ಒಂದೇ ಒಂದು ಸಲ ಮೇಲೆದ್ದೆ. ಎರಡು ಸೆಕೆಂಡ್ ಇರಬಹುದು. ಎದ್ದದ್ದು ಹೇಗೆ, ಬಿದ್ದದ್ದು ಯಾಕೆ ಎರಡೂ ತಿಳಿಯಲಿಲ್ಲ.

ಇನ್ನೊಂದು ತೊಂದರೆ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹೊಸಬ ಗಾಳಿಗೆ ಎದುರು ಹೋಗಲಾರ, ತೇಲಿಕೊಂಡು ಕೆಳಗಾಳಿಗೆ, ಅಂದರೆ ಗಾಳಿ ತಳ್ಳಿದ ಕಡೆಗೆ, ಹೋಗುತ್ತಾನೆ. ಆಮೇಲೆ ಬೋರ್ಡ್, ವಿಂಗ್ ಎರಡನ್ನೂ ಹೊತ್ತುಕೊಂಡು ದಂಡೆಯ ಮೇಲೆ ವಾಪಸ್ ನಡೆಯಬೇಕು. ಒಂದು ಗಂಟೆ ಪಾಠದಲ್ಲಿ ಅರ್ಧ ಗಂಟೆ ನಾನು ನಡೆದೇ ಕಳೆದೆ. ನಡೆದದ್ದಕ್ಕೂ ದುಡ್ಡು ಕೊಟ್ಟೆ.

ಎರಡನೇ ದಾರಿ: ಕಣದಲ್ಲಿ, ಒಣ ನೆಲದ ಮೇಲೆ

ಊರಿಗೆ ಬಂದ ಮೇಲೆ ಹಟ ಬಂತು. ಬೆಂಗಳೂರಿನ ಒಬ್ಬರಿಂದ ಹಳೇ 5 ಚದರ ಮೀಟರ್ ವಿಂಗ್ ತಗೊಂಡೆ. ಬೋರ್ಡೂ ಇಲ್ಲ, ಫಾಯಿಲೂ ಇಲ್ಲ, ವಿಂಗ್ ಒಂದೇ. ಪೂರ್ತಿ ಸೆಟ್ ಕೊಂಡರೆ ಒಂದು ಹಳೇ ಕಾರಿನ ದುಡ್ಡು ಆಗುತ್ತದೆ.

ನಮ್ಮ ಕಡೆ ಜೂನ್-ಜುಲೈ ಗಾಳಿ ನಿಮಗೆ ಗೊತ್ತಲ್ವಾ? ಆಷಾಢದಲ್ಲಿ ಹೊರಗೆ ಒಣಹಾಕಿದ ಲುಂಗಿ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರ ಸಾಲುಸಾಲಾಗಿ ನಿಲ್ಲಿಸಿರುವುದು ಸುಮ್ನೆ ಅಲ್ಲ. ಗಿರಣಿಯ ಸಿಮೆಂಟ್ ಕಣ ಆಗ ಖಾಲಿ ಇತ್ತು. ಚಿಕ್ಕಪ್ಪನ ಮಗನ ಹತ್ತಿರ ಒಂದು ಉದ್ದನೆಯ ಸ್ಕೇಟ್‌ಬೋರ್ಡ್ ಇತ್ತು. ಸಂಜೆ ಐದರ ಮೇಲೆ ಇಬ್ಬರೂ ಶುರು ಮಾಡಿದೆವು.

ಮೊದಲ ದಿನ ಹಮಾಲರಿಗೆ ಪುಕ್ಕಟೆ ನಾಟಕ. ಹಿರಿಯ ಹಮಾಲ ಒಬ್ಬರಿದ್ದಾರೆ, ನನ್ನನ್ನು ಎತ್ತಿ ಆಡಿಸಿದವರು. ಅವರು ಬಂದು ನೋಡಿ, "ಸಣ್ಣ ಸಾವ್ಕಾರ್ರ, ಇಷ್ಟು ದೊಡ್ಡ ಮೊರ ಯಾಕ್ ತಂದೀರಿ, ಭತ್ತಾ ಎಲ್ಲೈತಿ?" ಅಂದರು. ನಕ್ಕು ಮುಗಿದ ಮೇಲೆ ಬಗ್ಗಿ ಒಂದು ಹಿಡಿ ಹೊಟ್ಟು ತಗೊಂಡು ಎದೆ ಮಟ್ಟದಿಂದ ಬಿಟ್ಟರು. "ಗಾಳಿ ಈ ಕಡಿಂದ ಐತ್ರಿ. ನೀವು ಗಾಳಿಗೆ ಮಾರಿ ಕೊಟ್ಟು ನಿಂತೀರಿ. ಬೆನ್ನ ಕೊಡ್ರಿ." ತೂರುವವನು ಗಾಳಿಗೆ ಮುಖ ಕೊಟ್ಟರೆ ಹೊಟ್ಟೆಲ್ಲಾ ಕಣ್ಣಿಗೆ. ವಿಂಗ್ ಎತ್ತುವಾಗಲೂ ಅದೇ: ಗಾಳಿ ಬೆನ್ನಿಗೆ, ವಿಂಗ್ ಎದುರಿಗೆ. ಜನವರಿಯಲ್ಲಿ ಮಾಸ್ತರ್ ಇದನ್ನೇ ಇಂಗ್ಲಿಷಿನಲ್ಲಿ ಎಂಟು ಸಲ ಹೇಳಿದ್ದ, ತಲೆಗೆ ಹೋಗಿರಲಿಲ್ಲ. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಹೇಳುತ್ತಾ ಬೆಳೆದವನು ನಾನು, ಗಾಳಿ ಯಾವ ಕಡೆಯಿಂದ ಅಂತ ನೋಡೋದೇ ಬಂದಿರಲಿಲ್ಲ.

ಕಣದಲ್ಲಿ ಏನು ಬಂತು ಅಂದರೆ ಕೈಲೆಕ್ಕ. ಮುಂದಿನ ಕೈ ವಿಂಗ್ ಹಿಡಿಯುತ್ತದೆ. ಹಿಂದಿನ ಕೈ ಎಳೆದರೆ ಬಲ ತುಂಬುತ್ತದೆ, ಸಡಿಲ ಬಿಟ್ಟರೆ ಖಾಲಿ. ಹೆದರಿಕೆ ಆದರೆ ಹಿಂದಿನ ಕೈ ಬಿಟ್ಟು ಮುಂದಿನ ಹಿಡಿ ಒಂದನ್ನೇ ಹಿಡಿದುಕೋ, ವಿಂಗ್ ಬಾವುಟದ ಥರ ಪಟಪಟ ಅನ್ನುತ್ತಾ ಸುಮ್ಮನಾಗುತ್ತದೆ. ತಲೆ ಮೇಲೆ ಹಾಯಿಸಿ ಕೈ ಬದಲಿಸುವುದು, ಮಗುಚಿದ ವಿಂಗ್ ಅನ್ನು ತಿರುಗಿಸುವುದು, ಇವೆಲ್ಲಾ ಮೂರು ವಾರದಲ್ಲಿ ಕೈಗೆ ಬಂದವು. ನೋಡದೆ ಮಾಡುವಷ್ಟು.

ಏನು ಬರಲಿಲ್ಲ? ಅಲುಗಾಡುವ ಬೋರ್ಡ್ ಮೇಲೆ ಏಳುವುದು. ಫಾಯಿಲ್ ಅಂತೂ ಇಲ್ಲವೇ ಇಲ್ಲ. ಮತ್ತೆ ಸಿಮೆಂಟ್ ನೆಲ ನೀರಲ್ಲ. ಒಂದು ಸಲ ಗಾಳಿ ಗೋಡಾನಿನ ಮೂಲೆ ಸುತ್ತಿಕೊಂಡು ಬಂದು ಎಳೆದು ಚೀಲಗಳ ಮೇಲೆ ಕೆಡವಿತು, ಮಣಿಕಟ್ಟು ಊದಿ ಹತ್ತು ದಿನ ಊಟಕ್ಕೂ ಚಮಚ. ಕಟ್ಟಡದ ಹತ್ತಿರ ಗಾಳಿ ಸುಳಿ ಸುತ್ತುತ್ತದೆ, ದೂರ ಇರಿ. ಬೈಕ್ ಹೆಲ್ಮೆಟ್ ಹಾಕಿ. ವಿಂಗಿನ ತುದಿ ನೆಲಕ್ಕೆ ಉಜ್ಜಿ ಬಟ್ಟೆ ಹರಿಯುತ್ತದೆ, ನಮ್ಮದಕ್ಕೆ ಈಗ ಮೂರು ತೇಪೆ. ಸಾಧ್ಯವಿದ್ದರೆ ಹುಲ್ಲಿನ ಮೈದಾನ ಒಳ್ಳೆಯದು, ಸ್ಕೇಟ್‌ಬೋರ್ಡ್ ಇಲ್ಲದೆ ಬರೀ ನಡೆಯುತ್ತಾ ಮಾಡಿದರೂ ಮುಕ್ಕಾಲು ಪಾಲು ಕಲಿಯಬಹುದು.

ಆಗಸ್ಟ್: ದೊಡ್ಡ ಬೋರ್ಡೋ, ದೋಣಿಯೋ?

ಎರಡನೇ ಸಲ ತಮ್ಮನನ್ನೂ, ಅಂದರೆ ಅದೇ ಚಿಕ್ಕಪ್ಪನ ಮಗನನ್ನೂ, ಕರೆದುಕೊಂಡು ಹೋದೆ. ಆ ಹೊತ್ತಿಗೆ ಹೊಸ ಪಾಂಬನ್ ಸೇತುವೆ ಶುರುವಾಗಿ ರೈಲು ಮತ್ತೆ ರಾಮೇಶ್ವರದವರೆಗೆ ಹೋಗುತ್ತಿತ್ತು. ಜನವರಿಯಲ್ಲಿ ಆ ಸುಖ ಇರಲಿಲ್ಲ. ಆಗಸ್ಟಿನಲ್ಲಿ ಗಾಳಿ ನೈಋತ್ಯದ್ದು, ದ್ವೀಪದ ಇನ್ನೊಂದು ಮಗ್ಗುಲಲ್ಲಿ ನೀರು ಚಪ್ಪಟೆ. ಈ ಸಲ ಬೇರೆ ಮಾಸ್ತರ್, ತಮಿಳು ಹುಡುಗ. ಮೊದಲು ಕೇಳಿದ್ದೇ "ಅಣ್ಣಾ, ತೂಕ ಎಷ್ಟು?" ಅಂತ. ಆಗಲೇ ಸಮಾಧಾನ ಆಯಿತು.

ಅವನು ಎರಡು ದಾರಿ ಇಟ್ಟ. ಒಂದು: ಫಾಯಿಲ್ ಇಲ್ಲದ ಹತ್ತೂವರೆ ಅಡಿಯ ದೊಡ್ಡ ಪ್ಯಾಡಲ್ ಬೋರ್ಡ್ (ನಿಂತು ಹುಟ್ಟು ಹಾಕುವಂಥದ್ದು), ಅದರ ಮೇಲೆ ವಿಂಗ್ ಹಿಡಿದು ಓಡಾಡು. ಇನ್ನೊಂದು: ವಿಂಗ್ ಇಲ್ಲದೆ ಫಾಯಿಲ್ ಬೋರ್ಡ್ ಮೇಲೆ ನಿಂತು ದೋಣಿಯ ಹಗ್ಗ ಹಿಡಿ. ನಾವು ಎರಡೂ ಮಾಡಿದೆವು.

ಪ್ಯಾಡಲ್ ಬೋರ್ಡ್ ಮೇಲೆ ನಿಲ್ಲುವುದು ಸುಲಭ, ಮಂಚದ ಮೇಲೆ ನಿಂತ ಹಾಗೆ. ಮೊದಲ ಹತ್ತು ನಿಮಿಷದಲ್ಲೇ ಇಬ್ಬರೂ ಓಡುತ್ತಿದ್ದೆವು. ಆದರೆ ಅದರ ನಡುವೆ ತಳದಲ್ಲಿ ಅಡ್ಡ ಜಾರದಂತೆ ತಡೆಯುವ ಸಣ್ಣ ಹಲಗೆ ಇರಲಿಲ್ಲ, ಬರೀ ಹಿಂದೆ ಒಂದು ಸಣ್ಣ ರೆಕ್ಕೆ. ಹಾಗಿದ್ದರೆ ಬೋರ್ಡ್ ಅಡ್ಡಡ್ಡ ಜಾರಿಕೊಂಡು ಕೆಳಗಾಳಿಗೇ ಹೋಗುತ್ತದೆ. ಮತ್ತೆ ಅದೇ ನಡಿಗೆ. ಮತ್ತು ಅದು ಕಲಿಸುವುದೆಲ್ಲಾ ವಿಂಗಿನ ವಿಚಾರ. ನಾವು ಅದನ್ನು ಕಣದಲ್ಲಿ ಕಲಿತು ಬಂದಿದ್ದೆವು. ಅರ್ಧ ದಿನಕ್ಕೇ ಸಾಕು ಅನಿಸಿತು. ಊರಲ್ಲಿ ಅಭ್ಯಾಸ ಮಾಡೋಕೆ ಜಾಗವೇ ಇಲ್ಲದವರಿಗೆ ಇದು ಒಳ್ಳೆಯದೇ. ನಡುವೆ ತಳದಲ್ಲಿ ಆ ಸಣ್ಣ ಹಲಗೆ ಇದೆಯಾ ಅಂತ ಕೇಳಿ ತಗೊಳ್ಳಿ.

ದೋಣಿ ಮಾತ್ರ ಬೇರೆಯೇ ಕಥೆ. ಹಗ್ಗ ಬೋರ್ಡಿಗೆ ಕಟ್ಟುವುದಿಲ್ಲ, ಕೈಯಲ್ಲಿ ಹಿಡಿ ಇರುತ್ತದೆ, ಬಿದ್ದರೆ ಬಿಟ್ಟುಬಿಡುವುದು. ದೋಣಿ ನಿಧಾನ ಶುರು ಮಾಡಿ ಗಂಟೆಗೆ 15 ಕಿಲೋಮೀಟರ್ ಹತ್ತಿರ ಬರುತ್ತದೆ. ಆಗ ಕಾಲ ಕೆಳಗೆ ಏನೋ ಉಸಿರು ಬಿಟ್ಟ ಹಾಗೆ ಆಗಿ ಬೋರ್ಡಿನ ಸದ್ದು ನಿಂತುಹೋಗುತ್ತದೆ. ನಿಜವಾಗಿ ನಿಲ್ಲುತ್ತದೆ. ನೀರು ತಳಕ್ಕೆ ಬಡಿಯುವ ದಬದಬ ಇಲ್ಲ. ನನಗೆ ಗಾಬರಿಯಾಗಿ ಹಿಂದಕ್ಕೆ ವಾಲಿದೆ. ಅಲ್ಲೇ ತಪ್ಪು. ಹಿಂದಿನ ಕಾಲಿಗೆ ತೂಕ ಹೋದರೆ ಫಾಯಿಲಿನ ಮೂತಿ ಮೇಲಾಗಿ ಇನ್ನೂ ಜಾಸ್ತಿ ಏರುತ್ತದೆ, ನೀರಿನಿಂದ ಹೊರಗೆ ಬಂದು ಗಾಳಿ ಕುಡಿಯುತ್ತದೆ, ಎತ್ತುವ ಬಲ ಒಮ್ಮೆಲೇ ಹೋಗುತ್ತದೆ, ಆಮೇಲೆ ಮುಖ ನೀರಿಗೆ. ಜನವರಿಯ ಆ ಎರಡು ಸೆಕೆಂಡಿನಲ್ಲಿ ಆಗಿದ್ದೂ ಇದೇ ಅಂತ ಆಗ ತಿಳಿಯಿತು. ಮಾಸ್ತರ್ ದೋಣಿಯಿಂದ "ಮುಂದಿನ ಕಾಲು! ಮುಂದಿನ ಕಾಲು!" ಅಂತ ಕೂಗುತ್ತಲೇ ಇದ್ದ. ಏಳನೇ ಸಲ ಹೆದರಿಕೆಯಾದಾಗ ಮುಂದಕ್ಕೆ ಒತ್ತಿದೆ. ಬೋರ್ಡ್ ಮೆಲ್ಲಗೆ ಕೆಳಗಿಳಿದು ನೀರು ಮುಟ್ಟಿತು, ನಾನು ನಿಂತೇ ಇದ್ದೆ. ನಲವತ್ತು ನಿಮಿಷದ ಪಾಠ. ಜನವರಿಯ ನಾಲ್ಕು ದಿನಕ್ಕಿಂತ ಜಾಸ್ತಿ ಕಲಿತೆ, ಇದರಲ್ಲಿ ಅನುಮಾನವಿಲ್ಲ.

ದೋಣಿ ದುಬಾರಿ, ನಿಜ. ಒಂದೇ ದೋಣಿಯನ್ನು ನಾವಿಬ್ಬರೂ ಹಂಚಿಕೊಂಡೆವು. ಬಿದ್ದವನು ಸುಧಾರಿಸಿಕೊಳ್ಳುವಾಗ ಇನ್ನೊಬ್ಬ.

ಮೂರನೇ ದಿನ ಎರಡನ್ನೂ ಸೇರಿಸಿದೆವು, ವಿಂಗ್ ಮತ್ತು ಫಾಯಿಲ್. ತಮ್ಮ ಮಧ್ಯಾಹ್ನವೇ ಹಾರಿದ. ಐವತ್ತು ಮೀಟರ್ ಇರಬಹುದು. ಜನವರಿಯಲ್ಲಿ ನೀರಿಗೇ ಇಳಿಯದವನು ಅವನು, ಕಣದಿಂದ ನೇರ ಬಂದವನು. ನಾನು ಹಾರಿದ್ದು ನಾಲ್ಕನೇ ದಿನ. ಇದರಿಂದ ಕಣದ ದಾರಿಯೇ ಗೆದ್ದಿತು ಅಂತ ಪೂರ್ತಿ ಹೇಳೋಕಾಗಲ್ಲ, ಅವನು 61 ಕಿಲೋ, ಕಬಡ್ಡಿ ಆಡಿದ ಕಾಲು, ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಆದರೂ ನನಗೆ ಒಳಗೊಳಗೇ ಉರಿಯಿತು.

ಸಾಮಾನಿನ ಜಗಳ

ಗಾಳಿ ತುಂಬುವ ಬೋರ್ಡ್, ಗಟ್ಟಿ ಬೋರ್ಡ್ ಎರಡರ ಮೇಲೂ ನಿಂತೆ, ಎರಡೂ 120 ಲೀಟರ್. ಗಾಳಿಯದು ಮೊಣಕಾಲಿಗೆ ಮೆತ್ತಗೆ, ಮಡಚಿ ರೈಲಿನಲ್ಲಿ ತರಬಹುದು. ಆದರೆ ಫಾಯಿಲ್ ಕೂರುವ ಜಾಗದಲ್ಲಿ ಸ್ವಲ್ಪ ಬಳುಕುತ್ತದೆ, ಕಾಲು ಹೇಳಿದ್ದು ಫಾಯಿಲಿಗೆ ತಡವಾಗಿ ಕೇಳಿಸುತ್ತದೆ. ಗಟ್ಟಿಯದು ಕೂಡಲೇ ಕೇಳುತ್ತದೆ. ಬಾಡಿಗೆಗೆ ಗಟ್ಟಿಯದೇ ಕೇಳಿ. ನಮ್ಮಂಥ ದೂರದೂರಿನವರು ಕೊಳ್ಳುವುದಾದರೆ ಗಾಳಿಯದು, ಬೇರೆ ದಾರಿ ಇಲ್ಲ.

ವಿಂಗ್ ದೊಡ್ಡದಾದಷ್ಟೂ ಸುಲಭ ಅಂದುಕೊಂಡಿದ್ದೆ. 15 ನಾಟ್ ಗಾಳಿಗೆ, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್, ನನಗೆ 5 ಮೀಟರ್, ತಮ್ಮನಿಗೆ 4 ಸರಿಹೋಯಿತು. ಗಾಳಿ ಇಳಿದ ದಿನ 6 ತಗೊಂಡೆ. ಎದ್ದು ನಿಲ್ಲುವ ಮೊದಲೇ ಅದರ ತುದಿ ನೀರಿಗೆ ಸಿಕ್ಕಿ ನನ್ನನ್ನೇ ಮಗುಚಿತು, ನಾಲ್ಕು ಸಲ. ಬೇಡ. ದೊಡ್ಡದು ಬೇಕಿರುವುದು ಫಾಯಿಲ್. 2000 ಚದರ ಸೆಂಟಿಮೀಟರಿನ ಮುಂದಿನ ರೆಕ್ಕೆ ನಿಧಾನಕ್ಕೇ ಎತ್ತುತ್ತದೆ, ಎಮ್ಮೆಯಷ್ಟೇ ಶಾಂತ. 1500ರದ್ದು ಒಂದು ಸುತ್ತು ಹಾಕಿ ಬದಿಗಿಟ್ಟೆ.

ಹಿಡಿಯಲ್ಲಿ ಎರಡು ಥರ ಇದೆ. ಚೀಲದ ಪಟ್ಟಿಯಂಥ ಮೆತ್ತನೆ ಹಿಡಿ, ಇಲ್ಲಾ ಉದ್ದಕ್ಕೆ ಒಂದು ಕೋಲು. ಕೋಲಿನ ಮೇಲೆ ಕೈ ಎಲ್ಲಿ ಬೇಕಾದರೂ ಸರಿಸಬಹುದು, ನನಗೆ ಅದೇ ಇಷ್ಟ. ತಮ್ಮನಿಗೆ ಪಟ್ಟಿ.

ಇನ್ನು ಕೆಲವು ಹರಕುಮುರುಕು ಮಾತು. ಫಾಯಿಲಿನ ಅಂಚು ಈಳಿಗೆ ಇದ್ದ ಹಾಗೆ, ನನ್ನ ಮೊಣಕಾಲಿನ ಕೆಳಗೆ ಗುರುತು ಇದೆ. ಬಿದ್ದಾಗ ಬೋರ್ಡಿನಿಂದ ದೂರ ಬೀಳಿ. ಎದೆಮಟ್ಟಕ್ಕಿಂತ ಕಡಿಮೆ ನೀರಿನಲ್ಲಿ ಏರಬೇಡಿ, ಕಂಬ ಮರಳಿಗೆ ಸಿಗುತ್ತದೆ. ಪೆಟ್ಟು ತಡೆಯುವ ತೆಳು ಜಾಕೆಟ್ ತೇಲಿಸುವುದು ಕಡಿಮೆ, ನಾಲೆಯಲ್ಲಿ ಈಜು ಕಲಿತ ಧೈರ್ಯದಲ್ಲಿ ಲೈಫ್ ಜಾಕೆಟ್ ಬಿಡಬೇಡಿ. ದಂಡೆಯಿಂದ ಕಡಲ ಕಡೆ ಗಾಳಿ ಬೀಸುತ್ತಿದ್ದರೆ, ಕಾಯುವ ದೋಣಿ ಇಲ್ಲದೆ ಇಳಿಯಲೇಬೇಡಿ. ಮತ್ತೆ ದಿನಾ ಸಂಜೆ ಫಾಯಿಲ್ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಸ್ಕ್ರೂಗೆ ಗ್ರೀಸ್ ಹಚ್ಚಬೇಕು, ಉಪ್ಪು ಹಿಡಿದರೆ ಅಲ್ಯೂಮಿನಿಯಂ ಕಂಬ ಆಮೇಲೆ ಬಿಚ್ಚೋಕೆ ಬರಲ್ಲ.

ಹಾಗಾದರೆ ನಮ್ಮ ಹೊಳೆ?

ಎಲ್ಲರೂ ಇದನ್ನೇ ಕೇಳುತ್ತಾರೆ. ಮನೆ ಹತ್ತಿರ ತುಂಗಭದ್ರೆ, ಸಣಾಪುರ ಕೆರೆ, ಅತ್ತ ಡ್ಯಾಮಿನ ಹಿನ್ನೀರು, ಅಷ್ಟು ದೂರ ಯಾಕೆ ಅಂತ. ಹೊಳೆಯಲ್ಲಿ ಮೊಸಳೆ ಇವೆ, ಬಂಡೆ ಇವೆ. ಸಣಾಪುರದ ಸುತ್ತ ಗುಡ್ಡ, ಗಾಳಿ ಒಮ್ಮೆ ತಳ್ಳುತ್ತದೆ ಒಮ್ಮೆ ಸಾಯುತ್ತದೆ, ಹೊಸಬನಿಗೆ ಅದು ಆಗಿಬರಲ್ಲ. ಹಿನ್ನೀರು ವಿಶಾಲ, ಆಷಾಢದ ಗಾಳಿಗೆ ಮುನಿರಾಬಾದ್ ಕಡೆ ನಿಂತು ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಕೇಳದೆ ಕಾಣದೆ ಇಳಿಯುವ ಜಾಗ ಅಲ್ಲ ಅದು. ಇನ್ನೊಂದು, ಸಿಹಿನೀರು ಉಪ್ಪುನೀರಿನಷ್ಟು ತೇಲಿಸುವುದಿಲ್ಲ, 120 ಲೀಟರ್ ಬೋರ್ಡಿಗೆ ಮೂರು ಕಿಲೋ ಲೆಕ್ಕ ಕಡಿಮೆ ಬೀಳುತ್ತದೆ.

ಹಾಗಾಗಿ ಸದ್ಯಕ್ಕೆ ವಿಂಗ್ ಕಣದಲ್ಲಿ, ಫಾಯಿಲ್ ಕಡಲಲ್ಲಿ. ನೇರ ಹೋಗುವುದು ಬಂದಿದೆ, ತಿರುಗುವುದು ಇನ್ನೂ ಇಲ್ಲ. ಈ ಕೊನೆಯಿಂದ ಆ ಕೊನೆಗೆ ಹಾರುತ್ತೇನೆ, ನೀರಿಗೆ ಬೀಳುತ್ತೇನೆ, ಬೋರ್ಡನ್ನು ಕೈಯಲ್ಲಿ ತಿರುಗಿಸಿಕೊಂಡು ವಾಪಸ್ ಬರುತ್ತೇನೆ. ವಿಡಿಯೋ ತೋರಿಸಿದಾಗ ಹಮಾಲಜ್ಜ ಎರಡು ಸಲ ನೋಡಿದರು. "ಹೋಗೂದೇನೋ ಚಲೋ ಹೊಂಟೀರಿ," ಅಂದರು, "ಹೊಳ್ಳೂ ಮುಂದ ಎತ್ತಿನ ಬಂಡಿ ಮಗುಚಿದಂಗ ಆಗತೈತಲ್ರಿ?" ತಿರುಗುವಾಗ ಕಾಲು ಬದಲಿಸಬೇಕಾ, ಬದಲಿಸದೆ ಹಾಗೇ ತಿರುಗಬೇಕಾ ಅನ್ನುವ ಇನ್ನೊಂದು ಹೋಲಿಕೆ ಬಾಕಿ ಇದೆ, ಅದು ಬರುವ ಜನವರಿಗೆ.