ಸಿನಿಗಾಂಗ್‌ಗೆ ಯಾವ ಹುಳಿ? ಹುಣಸೆಕಾಯಿ, ಬಿಂಬುಳಿ, ಸೀಬೆ, ಕಲಮಾನ್ಸಿ, ಪೊಟ್ಟಣದ ಪುಡಿ

ಫಿಲಿಪ್ಪೀನ್ಸ್‌ನ ಟಗಾಲೊಗ್ ಭಾಷೆಯಲ್ಲಿ ಹುಣಸೆಗೆ ಸಂಪಾಲೊಕ್ ಅನ್ನುತ್ತಾರೆ. ಮನಿಲಾದಲ್ಲಿ ಆ ಹೆಸರಿನ ದೊಡ್ಡ ಬಡಾವಣೆಯೇ ಇದೆ. ಪಕ್ಕದ ಕೆಝೋನ್ ಸಿಟಿಯಲ್ಲಿ ಕಮಿಯಾಸ್ ರಸ್ತೆಯಿದೆ. ಕಮಿಯಾಸ್ ಎಂದರೆ ನಮ್ಮ ಕರಾವಳಿಯ ಬಿಂಬುಳಿ. ಬೀದಿ ಬಡಾವಣೆಗಳಿಗೂ ಹುಳಿಕಾಯಿಗಳ ಹೆಸರು ಅಂಟಿಕೊಂಡಿರುವ ಈ ಊರಿನ ಮನೆಮನೆಯ ಸಾರು ಸಿನಿಗಾಂಗ್. ಮಾಂಸ ಅಥವಾ ಮೀನು, ಒಂದಷ್ಟು ತರಕಾರಿ, ತಿಳಿಯಾದ ಹುಳಿ ಸಾರು, ಪಕ್ಕದಲ್ಲಿ ಬಿಸಿ ಅನ್ನ. ಇದಕ್ಕೆ ಹುಣಸೆಯೇ ಆಗಬೇಕೆಂಬ ಕಟ್ಟುಪಾಡಿಲ್ಲ. ಪಲೆಂಕೆಯಲ್ಲಿ, ಅಂದರೆ ಊರಿನ ಸಂತೆಮಾಳಿಗೆಯಲ್ಲಿ, ಐದಾರು ಬಗೆಯ ಹುಳಿ ಸಿಗುತ್ತದೆ. ಯಾವುದನ್ನು ಯಾವಾಗ ಹಾಕಬೇಕು ಎಂಬುದಕ್ಕೆ ಉತ್ತರ ಪಾತ್ರೆಯಲ್ಲಿ ಏನಿದೆ ಎಂಬುದರಲ್ಲಿದೆ.

ಹೋಲಿಕೆ ನ್ಯಾಯವಾಗಿರಲೆಂದು ಎಲ್ಲದಕ್ಕೂ ಮೂಲ ಸಾರು ಒಂದೇ. ನಾಲ್ವರಿಗೆ 750 ಗ್ರಾಂ ಹಂದಿಯ ಪಕ್ಕೆಲುಬು, 2 ಲೀಟರ್ ಅಕ್ಕಚ್ಚು, ಒಂದು ಈರುಳ್ಳಿ, ಎರಡು ಟೊಮೆಟೊ, 200 ಗ್ರಾಂ ಕೆಸವಿನ ಗೆಡ್ಡೆ. ನಮ್ಮಲ್ಲಿ ದನದ ಬಾನಿಗೆ ಹೋಗುವ ಅಕ್ಕಚ್ಚು ಇಲ್ಲಿ ಸಾರಿಗೆ ಮೈ ಕೊಡುತ್ತದೆ. ಮೊದಲ ತೊಳೆತದ ನೀರನ್ನು ಚೆಲ್ಲಿ, ಎರಡನೆಯದನ್ನು ಇಟ್ಟುಕೊಳ್ಳಬೇಕು. ಮಾಂಸ ಕುದಿ ಬಂದಾಗ ಮೇಲೇಳುವ ಬೂದುಬಣ್ಣದ ನೊರೆಯನ್ನು ಸೌಟಿನಿಂದ ಪೂರ್ತಿ ತೆಗೆದು, ಈರುಳ್ಳಿ ಟೊಮೆಟೊ ಹಾಕಿ, ಸಣ್ಣ ಉರಿಯಲ್ಲಿ ಅರೆ ಮುಚ್ಚಿ ಒಂದು ಗಂಟೆ ಬಿಡಬೇಕು. ನಲವತ್ತನೇ ನಿಮಿಷಕ್ಕೆ ಕೆಸವಿನ ಗೆಡ್ಡೆ. ಕೊನೆಗೆ ಒಂದೂವರೆ ಲೀಟರ್‌ನಷ್ಟು ಸಾರು ಉಳಿಯುತ್ತದೆ.

ಹುಳಿ ಬೀಳುವುದು ಇದಾದ ಮೇಲೆ. ಈ ಕ್ರಮ ತಪ್ಪಿದರೆ ಯಾವ ಹುಳಿಯೂ ಕೈಹಿಡಿಯದು. ಆಮ್ಲ ಇರುವ ನೀರಿನಲ್ಲಿ ಗೆಡ್ಡೆ, ಮೂಲಂಗಿಗಳ ಕೋಶಭಿತ್ತಿ ಸುಲಭಕ್ಕೆ ಸಡಿಲವಾಗುವುದಿಲ್ಲ. ಮೊದಲೇ ಹುಳಿ ಹಾಕಿದರೆ ಎಷ್ಟು ಕುದಿಸಿದರೂ ಗೆಡ್ಡೆಯ ನಡುವೆ ಗಟ್ಟಿ ಉಳಿಯುತ್ತದೆ. ಕೆಸ ಎಂದ ಕೂಡಲೇ ತುರಿಕೆ ನೆನೆದು ಮೊದಲೇ ಹುಣಸೆ ಹಿಂಡುವುದು ಮಲೆನಾಡಿನ ಕೈಗಳಿಗೆ ಅಭ್ಯಾಸ. ಇಲ್ಲಿ ಆ ಕೈಯನ್ನು ತಡೆದುಕೊಳ್ಳಬೇಕು. ಗೆಡ್ಡೆ ಚೆನ್ನಾಗಿ ಬೆಂದರೆ ತುರಿಕೆ ಇರುವುದಿಲ್ಲ, ಮೇಲಾಗಿ ಅದು ಸ್ವಲ್ಪ ಕರಗಿಯೇ ಸಾರು ಮಂದವಾಗಬೇಕು.

ಮೊದಲು ಹಸಿ ಹುಣಸೆಕಾಯಿ. ಹಂದಿಮಾಂಸದ ಸಿನಿಗಾಂಗ್‌ಗೆ ಇದರ ಮುಂದೆ ಬೇರೆ ಹುಳಿಯಿಲ್ಲ. 250 ಗ್ರಾಂ ಬಲಿಯದ ಹಸಿರು ಕಾಯಿಗಳನ್ನು ಎರಡು ಲೋಟ ನೀರಿನಲ್ಲಿ, ಸಿಪ್ಪೆ ಬಿರಿಯುವವರೆಗೆ ಹದಿನೈದು ಇಪ್ಪತ್ತು ನಿಮಿಷ ಕುದಿಸಿ, ಸೌಟಿನ ಬೆನ್ನಿನಿಂದ ಕಿವುಚಿ, ಜರಡಿಯಲ್ಲಿ ಸೋಸಿ ರಸವನ್ನಷ್ಟೇ ಸಾರಿಗೆ ಸೇರಿಸಬೇಕು. ಹುಳಿ ದುಂಡಗಿರುತ್ತದೆ, ನಾಲಿಗೆಯ ಮೇಲೆ ನಿಲ್ಲುತ್ತದೆ, ಕೊಬ್ಬಿನ ಜಿಡ್ಡನ್ನು ಕತ್ತರಿಸುತ್ತದೆ. ಎಡವುವ ಜಾಗ ಎರಡು. ಬೀಜ ಪುಡಿಯಾಗುವಷ್ಟು ಜಜ್ಜಿದರೆ ಬೀಜದ ಸಿಪ್ಪೆಯ ಒಗರು ಸಾರಿಗೆ ಇಳಿಯುತ್ತದೆ. ಆ ಒಗರನ್ನು ಆಮೇಲೆ ಯಾವುದರಿಂದಲೂ ತೆಗೆಯಲಾಗದು. ಇನ್ನೊಂದು, ಗುಡ್ಡೆಯಲ್ಲಿ ಅರೆ ಹಣ್ಣಾದ ಕಾಯಿಗಳು ಸೇರಿರುವುದು. ಉಗುರಿನಿಂದ ಗೀರಿ ನೋಡಿದರೆ ತಿಳಿಯುತ್ತದೆ: ಒಳಗೆ ಹಸಿರು ಇದ್ದರೆ ಸರಿ, ಕಂದು ತಿರುಗಿದ್ದರೆ ಸಿಹಿ ಬಂದಿದೆ.

ಮನೆಯಲ್ಲಿರುವ ಹುಣಸೆಹಣ್ಣನ್ನೇ ನೆನೆಸಿ ಹಾಕಿದರಾಗದೇ ಎಂಬುದು ಇಲ್ಲಿ ನೆಲೆಸಿದ ಕನ್ನಡಿಗರಿಗೆ ಬರುವ ಮೊದಲ ಪ್ರಶ್ನೆ. 40 ಗ್ರಾಂ ಹಾಕಿ ನೋಡಿದ್ದೂ ಆಯಿತು. ಹುಳಿಯೇನೋ ಬರುತ್ತದೆ. ಆದರೆ ಬಣ್ಣ ಕಂದಾಗುತ್ತದೆ, ಬೆಲ್ಲದಂಥ ಒಂದು ವಾಸನೆ ಏಳುತ್ತದೆ, ಒಗ್ಗರಣೆ ಮರೆತ ತಿಳಿಸಾರು ಕುಡಿದಂತಾಗುತ್ತದೆ. ಸಿನಿಗಾಂಗ್‌ನ ಹಸಿರು ಚುರುಕು ಅದರಲ್ಲಿಲ್ಲ. ಬೇಡ.

ಕಮಿಯಾಸ್, ಅಂದರೆ ಬಿಂಬುಳಿ, ಮೀನಿಗೂ ಸಿಗಡಿಗೂ ಎಲ್ಲಕ್ಕಿಂತ ಒಳ್ಳೆಯದು. ಸೋಸುವ ಕೆಲಸವಿಲ್ಲ, ಹನ್ನೆರಡರಿಂದ ಹದಿನೈದು ಕಾಯಿ, ಸುಮಾರು 200 ಗ್ರಾಂ, ಉದ್ದಕ್ಕೆ ಸೀಳಿ ಹಾಕಿದರೆ ಹತ್ತು ನಿಮಿಷದಲ್ಲಿ ಕರಗುವಷ್ಟು ಮೆತ್ತಗಾಗುತ್ತದೆ. ಹತ್ತೇ ನಿಮಿಷ ಎಂಬುದೇ ಮೀನಿಗೆ ಅದು ಹೊಂದಲು ಕಾರಣ. ಬಾಂಗುಸ್, ಎಂದರೆ ನಮ್ಮ ಹೂಮೀನು, ಹೆಚ್ಚು ಕುದಿಸಿದರೆ ಚೂರುಚೂರಾಗುವ ಮೀನು. ಬಿಂಬುಳಿಯ ಹುಳಿ ಹುಣಸೆಗಿಂತ ಹರಿತ. ನೇರ ಹಲ್ಲಿಗೆ ಹತ್ತುತ್ತದೆ. ಮೈ ಜುಮ್ಮೆನ್ನಿಸುವ ಇಂಥ ಹುಳಿಗೆ ಇಲ್ಲಿಯವರು ಆಸಿಮ್ ಕಿಲಿಗ್ ಅನ್ನುತ್ತಾರೆ. ಗಂಟೆಗಟ್ಟಲೆ ಬೆಂದ ಹಂದಿಮಾಂಸಕ್ಕೆ ಮಾತ್ರ ಅದು ತೆಳುವಾಯಿತು ಅನ್ನಿಸಿತು. ಹುಳಿ ಒಂದು ಕಡೆ, ಕೊಬ್ಬು ಒಂದು ಕಡೆ ನಿಲ್ಲುತ್ತವೆ.

ಬಿಂಬುಳಿಯಲ್ಲಿ ಗಮನಿಸಬೇಕಾದದ್ದು ಮೂರು. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಅಥವಾ ಎನಾಮೆಲ್ ಇರಲಿ. ಆಮ್ಲ ಲೋಹವನ್ನು ತಿನ್ನುತ್ತದೆ, ಸಾರಿಗೆ ಲೋಹದ ರುಚಿ ಬರುತ್ತದೆ. ಹೊರಗಿಟ್ಟರೆ ಎರಡು ಮೂರು ದಿನದಲ್ಲಿ ಕೊಳೆಯುತ್ತದೆ, ಆದ್ದರಿಂದ ತಂದ ದಿನವೇ ತೊಳೆದು ಒರೆಸಿ ಫ್ರೀಜರಿಗೆ ಹಾಕಬೇಕು. ಕರಗಿದ ಮೇಲೆ ಮೆತ್ತಗಾದರೂ ಸಾರಿಗೆ ಅದರಿಂದ ಕೊರತೆಯಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇದರಲ್ಲಿ ಆಕ್ಸಾಲಿಕ್ ಆಮ್ಲ ಬಹಳ. ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದವರಿಗೆ ಮೂತ್ರಪಿಂಡಕ್ಕೆ ಪೆಟ್ಟಾದ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ. ಸಾರಿನಲ್ಲಿ ಬೀಳುವ ಪ್ರಮಾಣ ಅದಕ್ಕಿಂತ ತೀರಾ ಕಡಿಮೆ ನಿಜ, ಆದರೂ ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರಿದ್ದರೆ ಹುಣಸೆಕಾಯಿಯನ್ನೇ ಬಳಸಿ.

ಸೀಬೆಯದು ಬೇರೆಯೇ ಲೋಕ. ಚೆನ್ನಾಗಿ ಹಣ್ಣಾದ, ಒತ್ತಿದರೆ ಬಗ್ಗುವ 500 ಗ್ರಾಂ ಹಣ್ಣನ್ನು ಸೀಳಿ ಬೇಯಿಸಿ, ಅರ್ಧವನ್ನು ಜರಡಿಯಲ್ಲಿ ತಿಕ್ಕಿ ಬೀಜ ಬೇರ್ಪಡಿಸಿ, ಉಳಿದರ್ಧವನ್ನು ಹೋಳುಗಳಾಗಿಯೇ ಬಿಟ್ಟರೆ ಸಾರು ಮಂದವಾಗಿ, ಅಡಿಗೆಮನೆಯೆಲ್ಲ ಘಮ್ಮೆನ್ನುತ್ತದೆ. ಹೂಮೀನಿಗೆ ಇದು ಹೊಂದುವಷ್ಟು ಚೆಂದ ಇನ್ನೇನೂ ಹೊಂದದು ಎನ್ನುವವರ ಮಾತನ್ನು ಅಲ್ಲಗಳೆಯುವುದು ಕಷ್ಟ. ಆದರೆ ಸೀಬೆಯೊಂದರಿಂದಲೇ ಸಾಕಷ್ಟು ಹುಳಿ ಬರುವುದಿಲ್ಲ. ನಾಲ್ಕೈದು ಬಿಂಬುಳಿಯೋ ಕಲಮಾನ್ಸಿಯೋ ಜೊತೆಗೆ ಬೇಕು, ಇಲ್ಲದಿದ್ದರೆ ಸಿಹಿಯಾಗಿ ಜೋಲುತ್ತದೆ. ಕಾಯಿ ಸೀಬೆ ಹಾಕಿದರೆ ಪರಿಮಳವೂ ಇಲ್ಲ, ಬರೀ ಒಗರು. ಸಿಹಿಯಿರುವ ಕಾರಣ ಪಾತಿಸ್, ಅಂದರೆ ಮೀನಿನ ಉಪ್ಪುರಸ, ಇದಕ್ಕೆ ಒಂದು ಚಮಚ ಹೆಚ್ಚು ಹಿಡಿಯುತ್ತದೆ.

ಕಲಮಾನ್ಸಿ ಗೋಲಿ ಗಾತ್ರದ ನಿಂಬೆ. ಪೂರ್ತಿ ಹುಳಿ ಇದರಿಂದಲೇ ಆಗಬೇಕಾದರೆ ಇಪ್ಪತ್ತು ಹಣ್ಣು ಹಿಂಡಬೇಕು. ಸುಮಾರು 100 ಮಿಲಿ ರಸ. ಒಲೆ ಆರಿಸಿದ ಮೇಲೆಯೇ ಹಾಕಬೇಕು, ಬೀಜ ಸೋಸಿಯೇ ಹಾಕಬೇಕು. ಬೀಜ, ಸಿಪ್ಪೆ ಬಿಸಿಯಲ್ಲಿ ಕೂತರೆ ಕಹಿ ಬಿಡುತ್ತವೆ, ಕುದಿದರೆ ಪರಿಮಳ ಆವಿಯಾಗುತ್ತದೆ. ಮುಖ್ಯ ಹುಳಿಯಾಗಿ ಇದು ಎರಡನೇ ದರ್ಜೆ. ಕೊನೆಯ ತಿದ್ದುಪಡಿಗೆ ಮಾತ್ರ ಇದಕ್ಕೆ ಸಾಟಿಯಿಲ್ಲ.

ಇನ್ನು ಪೊಟ್ಟಣದ ಪುಡಿ. ಗಲ್ಲಿಯ ‘ಸಾರಿ ಸಾರಿ’ ಎಂಬ ಚಿಲ್ಲರೆ ಅಂಗಡಿಯಲ್ಲೂ ಬಿಡಿಯಾಗಿ ಸಿಗುತ್ತದೆ. ರಾತ್ರಿ ಎಂಟಕ್ಕೆ ಕೆಲಸ ಮುಗಿಸಿ ಬರುವವರ ಮನೆಗಳಲ್ಲಿ ಹೆಚ್ಚಾಗಿ ಕುದಿಯುವುದು ಇದೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. 20 ಗ್ರಾಂನ ಸಣ್ಣ ಪೊಟ್ಟಣ ಸುಮಾರು ಒಂದು ಲೀಟರ್‌ಗೆ ಸಾಕು. ಪೊಟ್ಟಣದ ಬೆನ್ನು ಓದಿದರೆ ಹುಣಸೆಯ ಜೊತೆ ಉಪ್ಪು, ಸಿಟ್ರಿಕ್ ಆಮ್ಲ, ರುಚಿ ಏರಿಸುವ ಎಂಎಸ್‌ಜಿ ಕಾಣುತ್ತವೆ. ತಪ್ಪುವುದು ಇಲ್ಲೇ. ಹುಳಿ ಸಾಲದೆಂದು ಎರಡನೇ ಪೊಟ್ಟಣ ಸುರಿದರೆ ಹುಳಿಯ ಜೊತೆ ಉಪ್ಪೂ ದುಪ್ಪಟ್ಟಾಗುತ್ತದೆ. ನೀರು ಸೇರಿಸಿದರೆ ಮಾಂಸದ ರುಚಿ ತೆಳುವಾಗುತ್ತದೆ. ಸರಿಯಾದ ದಾರಿ: ಒಂದೂವರೆ ಲೀಟರ್‌ಗೆ ಒಂದೇ ಸಣ್ಣ ಪೊಟ್ಟಣ, ಪಾತಿಸ್ ಹಾಕದೆ ರುಚಿ ನೋಡುವುದು, ಕೊರತೆಯನ್ನು ಆರೇಳು ಕಲಮಾನ್ಸಿಯಿಂದ ತುಂಬುವುದು. ಪುಡಿಯನ್ನು ನೇರ ಸುರಿಯದೆ ಅರ್ಧ ಲೋಟ ಬಿಸಿ ಸಾರಿನಲ್ಲಿ ಕದಡಿ ಹಾಕಿದರೆ ಗಂಟು ಕಟ್ಟದು. ಹೀಗೆ ಮಾಡಿದ ಸಾರು ಹುಣಸೆಕಾಯಿಯ ಸಾರಿಗೆ ಮುಕ್ಕಾಲು ಪಾಲು ಹತ್ತಿರ ಬರುತ್ತದೆ. ಪೊಟ್ಟಣವೊಂದನ್ನೇ ನೆಚ್ಚಿದ್ದು ಅರ್ಧಕ್ಕೂ ಬರುವುದಿಲ್ಲ.

ಇವಲ್ಲದೆ ವಿಸಾಯಾಸ್ ದ್ವೀಪಗಳ ಬತುವಾನ್ ಇದೆ. ನಮ್ಮ ಪುನರ್ಪುಳಿ, ಉಪ್ಪಾಗೆಗಳ ಗಾರ್ಸಿನಿಯಾ ಕುಲದ್ದೇ ಕಾಯಿ. ಅಲ್ಲಿನ ಇಲೊಯಿಲೊ ಕಡೆಯವರು ಇದನ್ನು ತೊಗರಿಕಾಳು, ಹಂದಿಮಾಂಸ, ಎಳೆ ಹಲಸು ಸೇರಿದ ಸಾರಿಗೆ ಹಾಕುತ್ತಾರೆ. ಎಂಟು ಹತ್ತು ಕಾಯಿ ಹದಿನೈದು ನಿಮಿಷ ಬೆಂದರೆ ಮೆದುವಾದ, ಹಣ್ಣಿನ ಛಾಯೆಯ ಹುಳಿ ಬರುತ್ತದೆ. ಮನಿಲಾದಲ್ಲಿ ಎಲ್ಲ ಸಂತೆಯಲ್ಲೂ ಸಿಗದು, ಕಂಡಾಗ ಬಿಡಬಾರದು. ಮಳೆಗಾಲದ ಸಾಂತೊಲ್ ಹಣ್ಣೂ ಬಳಕೆಯಲ್ಲಿದೆ, ಆದರೆ ಒಂದೊಂದರ ಹುಳಿ ಒಂದೊಂದು ತರ, ಅಳತೆ ಹೇಳಲಾಗದು.

ಹುಳಿ ಯಾವುದಾದರೂ ತರಕಾರಿ ಬೀಳುವ ಸರದಿ ಒಂದೇ. ಸಂತೆಯಲ್ಲಿ ಸಿನಿಗಾಂಗ್‌ಗೆಂದೇ ಕಟ್ಟಿಟ್ಟ ಕಂತೆ ಸಿಗುತ್ತದೆ. ಮೂಲಂಗಿ ಬಿಲ್ಲೆಗಳಿಗೆ ಎಂಟು ನಿಮಿಷ, ಅಲಸಂದೆ ಕೋಡು, ಬದನೆ, ಬೆಂಡೆ, ಉದ್ದ ಹಸಿಮೆಣಸಿಗೆ ಐದು, ಕಾಂಗ್‌ಕಾಂಗ್ ಸೊಪ್ಪಿನ ದಂಟಿಗೆ ಎರಡು. ಎಲೆಯನ್ನು ಒಲೆ ಆರಿಸಿದ ಮೇಲೆ ಮುಳುಗಿಸಿ ಮುಚ್ಚಿದರೆ ಸಾಕು. ಹುಳಿಯಲ್ಲಿ ಕುದಿದ ಎಲೆ ಹಸಿರು ಕಳೆದುಕೊಂಡು ಕಂದುಗಟ್ಟುತ್ತದೆ. ಮೆಣಸನ್ನು ಸೀಳದೆ ಇಡಿಯಾಗಿ ಹಾಕಬೇಕು. ಬೇಕಾಗಿರುವುದು ಅದರ ವಾಸನೆ, ಖಾರವಲ್ಲ. ಖಾರ ಬೇಕಾದವರು ಬಟ್ಟಲಿನಲ್ಲಿ ಪಾತಿಸ್ ಹಾಕಿ ಅದಕ್ಕೆ ಸಣ್ಣ ಲಬುಯೊ ಮೆಣಸು ಜಜ್ಜಿಕೊಂಡು ಮಾಂಸವನ್ನು ಅದರಲ್ಲಿ ಅದ್ದುತ್ತಾರೆ.

ಮರುದಿನಕ್ಕೆ ಉಳಿಸುವುದಿದ್ದರೆ ಹುಣಸೆಕಾಯಿಯ ಸಾರೇ ಮೇಲು. ರಾತ್ರಿ ಕಳೆದು ಇನ್ನೂ ಹದವಾಗುತ್ತದೆ. ಕಲಮಾನ್ಸಿಯದು ಮತ್ತೆ ಬಿಸಿ ಮಾಡಿದಾಗ ಸಪ್ಪೆ, ಆಗ ಹೊಸದಾಗಿ ಎರಡು ಹಣ್ಣು ಹಿಂಡಬೇಕು. ಹಸಿ ಹುಣಸೆಕಾಯಿ ಅಗ್ಗವಾಗಿ ಸಿಕ್ಕ ವಾರ ಒಂದು ಕೆಜಿ ತಂದು ಒಮ್ಮೆಗೇ ಬೇಯಿಸಿ ಸೋಸಿ, ರಸವನ್ನು ಐಸ್ ತಟ್ಟೆಯಲ್ಲಿ ಗಟ್ಟಿ ಮಾಡಿ ಚೀಲಕ್ಕೆ ಹಾಕಿಟ್ಟರೆ ನಾಲ್ಕು ಪಾತ್ರೆ ಸಿನಿಗಾಂಗ್‌ಗೆ ಆಗುತ್ತದೆ. ಪೊಟ್ಟಣ ಕತ್ತರಿಸುವಷ್ಟೇ ಹೊತ್ತು ಅದಕ್ಕೂ ಹಿಡಿಯುವುದು.