ಹಾಸಿಗೆಯ ಸಮಯವನ್ನೇ ಕಡಿತಗೊಳಿಸಿದ ಚಿಕಿತ್ಸೆ: ಎರಡು ವರ್ಷಗಳ ಬಳಿಕ

ನಿದ್ರಾಹೀನತೆಗೆಂದೇ ರೂಪಿಸಿರುವ ಸಿಬಿಟಿ-ಐ (ಯೋಚನೆ ಮತ್ತು ರೂಢಿಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಎಂಬ ಥೆರಪಿಯನ್ನು ನಾನು ಮುಗಿಸಿ ಎರಡು ವರ್ಷಗಳಾದವು. ಮುಗಿದ ವಾರವೇ ಹೊಗಳಿ ಬರೆಯಬಹುದಿತ್ತು. ಫಲ ಉಳಿಯುತ್ತದೆಯೇ ನೋಡೋಣವೆಂದು ಕಾದೆ.

ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ರೆ ಕೆಟ್ಟರೆ ಅದನ್ನು ದೀರ್ಘಕಾಲಿಕ ನಿದ್ರಾಹೀನತೆ ಎನ್ನುತ್ತಾರೆ. ನಾನು ಆ ಗಡಿ ದಾಟಿ ವರ್ಷವಾಗಿತ್ತು. ಮನಸ್ಸಿನ ಭಾರ ಹೇಳಿಕೊಳ್ಳಲು ಸಿದ್ಧನಾಗಿ ಹೋದವನ ಕೈಗೆ ಮೊದಲ ಭೇಟಿಯಲ್ಲಿ ಬಂದದ್ದು ಒಂದು ಖಾಲಿ ಕೋಷ್ಟಕ: ಮಲಗಿದ್ದು ಎಷ್ಟಕ್ಕೆ, ನಿದ್ರೆ ಹತ್ತಿದ್ದು ಎಷ್ಟಕ್ಕೆ, ಎಚ್ಚರವಾದದ್ದು ಎಷ್ಟು ಸಲ. ಎರಡು ವಾರ ತುಂಬಿಸಿ ಲೆಕ್ಕ ಹಾಕಿದಾಗ, ಒಂಬತ್ತು ಗಂಟೆ ಹಾಸಿಗೆಯಲ್ಲಿ ಬಿದ್ದುಕೊಂಡು ನಾನು ನಿದ್ರಿಸುತ್ತಿದ್ದುದು ಐದೂವರೆ ಗಂಟೆ, ಅಂದರೆ ಶೇ. 61 ಎಂದು ತಿಳಿಯಿತು.

ಹಾಗಿದ್ದರೆ ಹಾಸಿಗೆಯಲ್ಲಿರುವುದೂ ಐದೂವರೆ ಗಂಟೆಯೇ ಆಗಲಿ ಎಂದರು ಥೆರಪಿಸ್ಟ್. ರಾತ್ರಿ ಹನ್ನೆರಡೂವರೆಗಿಂತ ಮೊದಲು ಮಲಗುವಂತಿಲ್ಲ, ಬೆಳಿಗ್ಗೆ ಆರಕ್ಕೆ ಏಳಲೇಬೇಕು, ಹಗಲು ಮಲಗುವಂತಿಲ್ಲ. ಅಮೆರಿಕದ ನಿದ್ರಾತಜ್ಞ ಆರ್ಥರ್ ಸ್ಪೀಲ್‌ಮನ್ 1980ರ ದಶಕದಲ್ಲಿ ರೂಪಿಸಿದ ಈ ಕ್ರಮದ ತರ್ಕ ಸರಳವಾದದ್ದು: ಎಚ್ಚರವಿದ್ದಷ್ಟೂ ನಿದ್ರೆಯ ಒತ್ತಡ ಮೈಯಲ್ಲಿ ಕೂಡಿಬರುತ್ತದೆ, ಅದನ್ನು ಬೇಗ ಮಲಗಿ ಸೋರಿಹೋಗಲು ಬಿಡಬಾರದು. ಆದರೆ ಎರಡನೆಯ ವಾರ ನನಗೆ ಅಕ್ಷರಶಃ ಯಾತನೆಯಾಗಿತ್ತು. ಕುಳಿತರೆ ಕಣ್ಣು ಮುಚ್ಚಿಹೋಗುತ್ತದೆಂದು ರಾತ್ರಿ ಹನ್ನೊಂದಕ್ಕೆ ನಿಂತುಕೊಂಡೇ ಬಟ್ಟೆ ಮಡಿಸುತ್ತಿದ್ದೆ. ಮಡಿಸಿದ್ದನ್ನೇ ಬಿಡಿಸಿ ಮತ್ತೆ ಮಡಿಸಿದ್ದೂ ಉಂಟು. ನಿದ್ರೆ ಬಾರದೆಂದು ಗೋಳಾಡುತ್ತಿದ್ದವನು ಬರುವ ನಿದ್ರೆಯನ್ನು ತಡೆಯಲು ಒದ್ದಾಡಿದ್ದು ಅದೇ ಮೊದಲು.

ಸುಮಾರು 20 ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಬೇಕೆಂಬ ನಿಯಮವೂ ಇತ್ತು. ನಿಮಿಷ ಎಣಿಸುವುದೇ ಹೊಸ ಚಿಂತೆಯಾಗಬಾರದೆಂದು ಗಡಿಯಾರದ ಮುಖವನ್ನು ಗೋಡೆಗೆ ತಿರುಗಿಸಿಟ್ಟೆ. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ನಿದ್ರೆಯ ಪ್ರಮಾಣ ಶೇ. 85 ದಾಟಿದ ವಾರ ಮಲಗುವ ಅವಧಿಗೆ 15 ನಿಮಿಷ ಸೇರಿಸುತ್ತ, ಎಂಟನೆಯ ಭೇಟಿಯ ಹೊತ್ತಿಗೆ ಆರೂವರೆ ಗಂಟೆಗೆ ತಲುಪಿದೆ. ‘ಇಂದು ನಿದ್ರೆ ಬಾರದಿದ್ದರೆ ನಾಳೆಯ ಕೆಲಸವೆಲ್ಲ ಕೆಡುತ್ತದೆ’ ಎಂಬ ನನ್ನ ಖಾಯಂ ಭಯವನ್ನು ಅದೇ ಕೋಷ್ಟಕದ ಎದುರಿಟ್ಟು ನೋಡಿದಾಗ, ಕೆಟ್ಟ ರಾತ್ರಿಗಳ ಮರುದಿನವೂ ಕೆಲಸ ಬಹುಪಾಲು ನಡೆದೇ ಇತ್ತು.

ಇದಕ್ಕೂ ಮೊದಲು ಹಣ ಕೊಟ್ಟು ಬಳಸಿದ ಒಂದು ಆ್ಯಪ್, ಮಳೆಯ ಸದ್ದು ಕೇಳಿಸಿ ಸಂಜೆಯ ಕಾಫಿ ಬಿಡಿ ಎಂದಿತ್ತು, ಅಷ್ಟೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ವಯಸ್ಕರ ದೀರ್ಘಕಾಲಿಕ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಸೂಚಿಸಿದ್ದು ಮಾತ್ರೆಯನ್ನಲ್ಲ, ಸಿಬಿಟಿ-ಐಯನ್ನು. ಆದರೂ ಇದು ಎಲ್ಲರಿಗೂ ಹೊಂದುವುದಿಲ್ಲ. ಅಪಸ್ಮಾರ ಅಥವಾ ಬೈಪೋಲಾರ್ ಕಾಯಿಲೆ ಇರುವವರಿಗೆ, ವಾಹನ ಓಡಿಸುವುದೇ ಕಸುಬಾದವರಿಗೆ ನಿದ್ರೆಯ ಕಡಿತ ಅಪಾಯ ತರಬಹುದು. ಜೋರಾಗಿ ಗೊರಕೆ ಹೊಡೆಯುವವರು ಮೊದಲು ಸ್ಲೀಪ್ ಆಪ್ನಿಯಾ (ನಿದ್ರೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಪರೀಕ್ಷೆ ಮಾಡಿಸಿಕೊಳ್ಳಬೇಕು.

ಈ ಎರಡು ವರ್ಷಗಳಲ್ಲಿ ಒಮ್ಮೆ, ಮನೆ ಬದಲಿಸಿದಾಗ, ನಿದ್ರೆ ಮತ್ತೆ ಕೆಟ್ಟಿತು. ಥೆರಪಿಸ್ಟರಿಗೆ ಕರೆ ಮಾಡಲಿಲ್ಲ. ಹಳೆಯ ಕೋಷ್ಟಕ ತೆಗೆದು ಎರಡು ವಾರ ತುಂಬಿಸಿ, ಮಲಗುವ ಹೊತ್ತನ್ನು ಮತ್ತೆ ಹನ್ನೆರಡೂವರೆಗೆ ತಳ್ಳಿದೆ. ಮೂರನೆಯ ವಾರ ಸರಿಹೋಯಿತು.